ಮೊದಲ ಸೋಲಿಗೇ ಮನೆಗೆ ಕಳಿಸುವ ಕಪ್ ನಮಗೆ ಬೇಡ

ಮಾನ್ಯ ಸಂಪಾದಕರೇ,

ಆನ್‌ಲೈನ್ ಆಟ ಅಂದ ಕೂಡಲೇ ಈಗ ಎಲ್ಲರಿಗೂ ಬೆಟ್ಟಿಂಗ್ ನೆನಪಾಗುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆಟಗಳನ್ನು. ನಾನು ಬರೆಯುತ್ತಿರುವುದು ಆ ಜಾತಿಗೆ ಸೇರದ ಒಂದು ಆಟದ ಬಗ್ಗೆ. ಹ್ಯಾಟ್ರಿಕ್ ಅಂತ ಅದರ ಹೆಸರು, 1997ರಲ್ಲಿ ಸ್ವೀಡನ್‌ನಲ್ಲಿ ಶುರುವಾದದ್ದು. ಇದರಲ್ಲಿ ಚೆಂಡು ಒದೆಯುವವರು ನೀವಲ್ಲ, ನೀವು ಫುಟ್‌ಬಾಲ್ ತಂಡದ ಮ್ಯಾನೇಜರ್. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಈ ವಾರ ಯಾವ ತರಬೇತಿ, ಯಾರನ್ನು ಎಲ್ಲಿ ನಿಲ್ಲಿಸಬೇಕು ಅಂತ ತೀರ್ಮಾನಿಸುವುದಷ್ಟೇ ನಿಮ್ಮ ಕೆಲಸ. ದುಡ್ಡು ಕಟ್ಟಿ ತಂಡದ ಬಲ ಹೆಚ್ಚಿಸಿಕೊಳ್ಳುವ ದಾರಿ ಇಲ್ಲ. ಇದು ಜೂಜಲ್ಲ ಮಾರಾಯ್ರೆ, ತಾಳ್ಮೆಯ ಆಟ.

ಮಂಗಳೂರು, ಉಡುಪಿ ಕಡೆಯ ನಾವು ಒಂದಷ್ಟು ಮಂದಿ ಇದನ್ನು ಆಡುತ್ತೇವೆ. ಕೆಲವರು ಊರಲ್ಲಿದ್ದಾರೆ, ಕೆಲವರು ಬೆಂಗಳೂರು, ದುಬೈ ಅಂತ ಹಂಚಿಹೋಗಿದ್ದಾರೆ. ನಮ್ಮೊಳಗೇ ಒಂದು ಕಪ್ ನಡೆಸಬೇಕು ಅಂತ ಮಾತು ಬಂದಾಗ ಮೊದಲು ಬಂದ ಸಲಹೆ ನಾಕೌಟ್. ನಮ್ಮ ಊರಿನವರಿಗೆ ಪಂದ್ಯಾಟ ಅಂದರೆ ನಾಕೌಟೇ ಅಲ್ವಾ! ಹೊನಲು ಬೆಳಕಿನ ಕಬಡ್ಡಿ ಇರಲಿ, ವಾಲಿಬಾಲ್ ಇರಲಿ, ಅಂಡರ್ ಆರ್ಮ್ ಕ್ರಿಕೆಟ್ ಇರಲಿ, ಸೋತವರು ಬ್ಯಾಗ್ ಹೆಗಲಿಗೇರಿಸಿ ಹೊರಡುವುದೇ. ಅಲ್ಲಿ ಅದು ಸರಿ. ಮೈದಾನ ಒಂದೇ, ಲೈಟಿನ ಬಾಡಿಗೆ ಏರುತ್ತಿರುತ್ತದೆ, ಬೆಳಗಾಗುವುದರೊಳಗೆ ಟ್ರೋಫಿ ಕೊಡಬೇಕು. ನಾಕೌಟ್ ಹುಟ್ಟಿದ್ದು ಜಾಗ ಮತ್ತು ಹೊತ್ತು ಸಾಲದೆ ಇರುವಾಗ. ಆನ್‌ಲೈನ್‌ನಲ್ಲಿ 16 ಪಂದ್ಯ ಒಟ್ಟಿಗೆ ನಡೆದರೂ ಯಾರ ಮೈದಾನಕ್ಕೂ ಅಡ್ಡಿಯಿಲ್ಲ. ಜೂನ್‌ನಿಂದ ನಮ್ಮ ಮೈದಾನಗಳಲ್ಲಿ ನೀರು ನಿಂತರೂ ಇದು ನಿಲ್ಲುವುದಿಲ್ಲ. ಹಾಗಿರುವಾಗ ಸುಮ್ನೆ ಆ ಕಟ್ಟುಪಾಡನ್ನು ಇಲ್ಲಿಗೂ ಯಾಕೆ ತರಬೇಕು?

ಲೆಕ್ಕ ನೋಡಿ, ವಾರಕ್ಕೆ ಒಂದು ಸುತ್ತು. 32 ತಂಡಗಳ ನಾಕೌಟ್‌ನಲ್ಲಿ ಒಟ್ಟು 31 ಪಂದ್ಯ, ಮೊದಲ ವಾರಕ್ಕೇ 16 ತಂಡ ಹೊರಗೆ. ಮ್ಯಾನೇಜರ್ ಆಟದಲ್ಲಿ ಇದರ ಪೆಟ್ಟು ಇನ್ನೂ ಜೋರು, ಯಾಕೆಂದರೆ ಇಲ್ಲಿ ಮಾಡಿದ್ದು ಸರಿಯೋ ತಪ್ಪೋ ಅಂತ ಗೊತ್ತಾಗುವುದು ಪಂದ್ಯದಲ್ಲೇ. ವಾರಗಟ್ಟಲೆ ಒಬ್ಬ ಹುಡುಗನಿಗೆ ಗೋಲ್‌ಕೀಪಿಂಗ್ ಕಲಿಸಿ, ಒಂದೇ ಪಂದ್ಯ ಆಡಿಸಿ, ಆಮೇಲೆ ಬೇರೆಯವರ ಫೈನಲ್ ನೋಡುತ್ತಾ ಕೂರುವುದು ಎಂದರೆ ಯಾರಿಗೆ ಬೇಕು? ಹೊಸಬರು ಬಿಟ್ಟುಹೋಗುವುದು ಇಲ್ಲೇ. ಹಾಗಂತ ಎಲ್ಲರೂ ಎಲ್ಲರೊಡನೆ ಆಡುವುದೂ ಆಗದು, ಅದಕ್ಕೆ 496 ಪಂದ್ಯ, 31 ವಾರ ಬೇಕು. ಈ ಆಟದ ಒಂದು ಸೀಸನ್ನೇ 16 ವಾರ.

ಮಧ್ಯದ ದಾರಿ ಚೆಸ್‌ನವರ ಹತ್ತಿರ ಇದೆ. ಮಕ್ಕಳನ್ನು ಚೆಸ್ ಟೂರ್ನಿಗೆ ಕರೆದುಕೊಂಡು ಹೋದ ಅಪ್ಪ ಅಮ್ಮಂದಿರಿಗೆ ಸ್ವಿಸ್ ಪದ್ಧತಿ ಗೊತ್ತಿರುತ್ತದೆ. 1895ರಲ್ಲಿ ಜ್ಯೂರಿಕ್‌ನ ಟೂರ್ನಿಯಲ್ಲಿ ಮೊದಲು ಬಳಸಿದ್ದು. ಗೆದ್ದವರಿಗೆ ಮುಂದಿನ ಸುತ್ತಿನಲ್ಲಿ ಗೆದ್ದವರೇ ಎದುರಾಳಿ, ಸೋತವರಿಗೆ ಸೋತವರು, ಅಂದರೆ ಪ್ರತಿ ಸುತ್ತಿನಲ್ಲೂ ಅಷ್ಟೇ ಗೆಲುವು ಇರುವವರೇ ಜೋಡಿ, ಯಾರೂ ಹೊರಹೋಗುವುದಿಲ್ಲ. ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ ಕೂಡ 2024-25ರಿಂದ ಹಳೆಯ ಗುಂಪುಗಳನ್ನು ಬಿಟ್ಟು 36 ತಂಡಗಳ ಒಂದೇ ಪಟ್ಟಿ ಮಾಡಿತು, ಪ್ರತಿ ತಂಡಕ್ಕೆ 8 ಪಂದ್ಯ. ಅದು ಪೂರ್ತಿ ಸ್ವಿಸ್ ಅಲ್ಲ, ಎದುರಾಳಿಗಳು ಮೊದಲೇ ಗೊತ್ತಾಗಿಬಿಡುತ್ತಾರೆ. ನಮಗೆ ಬೇಕಾದದ್ದು ಚೆಸ್‌ನ ಸ್ವಿಸ್ಸೇ.

32 ತಂಡ 5 ಸುತ್ತು ಆಡಲಿ, ಡ್ರಾ ಬೇಡ. ಈ ಆಟದಲ್ಲಿ ನಮ್ಮ ಪಂದ್ಯಗಳು ನಡೆಯುವುದು ಸ್ನೇಹಪಂದ್ಯಗಳಾಗಿ, ಅದಕ್ಕೆ ಕಪ್ ನಿಯಮ ಆರಿಸಿದರೆ ಪೆನಾಲ್ಟಿವರೆಗೂ ಹೋಗಿ ಫಲಿತಾಂಶ ಬಂದೇ ಬರುತ್ತದೆ. ಆಗ ಐದೂ ಗೆದ್ದ ತಂಡ 1, ನಾಲ್ಕು ಗೆದ್ದವು 5, ಮೂರು ಗೆದ್ದವು 10 ಆಗುತ್ತವೆ. ಮೇಲಿನ ಆ 6 ತಂಡಗಳನ್ನು ಮುಂದಕ್ಕೆ ಕಳಿಸಿದರೆ ಮುಗಿಯಿತು, ಗೋಲು ಎಣಿಸಿ ಯಾರನ್ನೂ ಹೊರಗಿಡಬೇಕಾಗಿಲ್ಲ. ಡ್ರಾ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೊನೆಯ ಸುತ್ತಿನಲ್ಲಿ ಇಬ್ಬರಿಗೂ ಡ್ರಾ ಸಾಕು ಅಂತಾದರೆ ಆಟ ಸಾಯುತ್ತದೆ. 1982ರ ವಿಶ್ವಕಪ್‌ನಲ್ಲಿ ಡ್ರಾ ಅಲ್ಲದಿದ್ದರೂ ಇದೇ ಆಯಿತು, ಪಶ್ಚಿಮ ಜರ್ಮನಿ ಆಸ್ಟ್ರಿಯವನ್ನು 1-0ರಿಂದ ಸೋಲಿಸಿದರೆ ಇಬ್ಬರೂ ಮುಂದಕ್ಕೆ ಹೋಗುವಂತಿತ್ತು, ಬೇಗ ಗೋಲು ಬಿದ್ದ ಮೇಲೆ ಎರಡೂ ಕಡೆಯವರು ಸುಮ್ಮನೆ ಚೆಂಡು ತಳ್ಳುತ್ತಾ ನಿಂತರು. ಹಿಂದಿನ ದಿನವೇ ತನ್ನ ಪಂದ್ಯ ಮುಗಿಸಿದ್ದ ಅಲ್ಜೀರಿಯ ಹೊರಬಿತ್ತು. ಇಂಥದ್ದಕ್ಕೆ ಜಾಗ ಕೊಡಲೇಬಾರದು.

ಮುಂದಕ್ಕೆ ಹೋದ ಆರರಲ್ಲಿ ಮೊದಲ ಎರಡು ತಂಡಗಳಿಗೆ ಐಪಿಎಲ್‌ನ ಹಾಗೆ ಎರಡನೇ ಅವಕಾಶ ಇರಲಿ. 2025ರಲ್ಲಿ ಪಂಜಾಬ್ ಕ್ವಾಲಿಫೈಯರ್‌ನಲ್ಲಿ ಆರ್‌ಸಿಬಿಗೆ ಸೋತರೂ ಮುಂಬೈಯನ್ನು ಸೋಲಿಸಿ ಮತ್ತೆ ಆರ್‌ಸಿಬಿ ಎದುರೇ ಫೈನಲ್‌ಗೆ ಬಂತಲ್ಲ, ಹಾಗೆ. ಎಲ್ಲ ಸೇರಿ 9 ವಾರಕ್ಕೆ ಕಪ್ ಮುಗಿಯುತ್ತದೆ.

ಮೊದಲ ಸುತ್ತಿನ ಜೋಡಿ ಹೇಗೆ ಅನ್ನುವುದರಲ್ಲಿ ಮಾತ್ರ ನಮ್ಮೊಳಗೆ ಜಗಳವೇ ನಡೆದಿದೆ. ಚೆಸ್‌ನಲ್ಲಿ ಮೇಲಿನ ಅರ್ಧದವರನ್ನು ಕೆಳಗಿನ ಅರ್ಧದವರ ಎದುರು ಕೂರಿಸುತ್ತಾರೆ. ನಮ್ಮಲ್ಲಿ ಹಾಗೆ ಮಾಡಿದರೆ ವರ್ಷಗಟ್ಟಲೆ ಕಟ್ಟಿದ ತಂಡ ಮೊನ್ನೆ ಸೇರಿದವರ ಮೇಲೆ 8-0 ಹೊಡೆಯುತ್ತದೆ, ಇಬ್ಬರೂ ಏನೂ ಕಲಿಯುವುದಿಲ್ಲ. ಕಂಬಳದಲ್ಲಿ ಹಗ್ಗ ಹಿರಿಯ, ಹಗ್ಗ ಕಿರಿಯ ಅಂತ ಬೇರೆ ಬೇರೆ ವಿಭಾಗ ಇಟ್ಟಿರುವುದು ಯಾಕೆ? ಮೊದಲ ಸುತ್ತಿನಲ್ಲಿ ಕಿರಿಯರಿಗೆ ಕಿರಿಯರೇ ಸಿಗಲಿ, ಹಿರಿಯರಿಗೆ ಹಿರಿಯರು. ಹೊಸಬರಿಗೆ ಸುಲಭದ ದಾರಿ ಆಗುವುದಿಲ್ಲವೇ ಅಂತ ಕೆಲವರ ತಕರಾರು. ಆಗುವುದಿಲ್ಲ. ಎರಡನೇ ಸುತ್ತಿನಿಂದ ಗೆದ್ದವರ ಎದುರು ಗೆದ್ದವರೇ ನಿಲ್ಲಬೇಕಲ್ಲ, ಅಲ್ಲಿ ಹಿರಿಯರು ಸಿಕ್ಕೇ ಸಿಗುತ್ತಾರೆ. ಆದರೆ ಮೊದಲ ಸುತ್ತಿನಲ್ಲೇ ಒಂದು ಗೆಲುವು ಕೈಯಲ್ಲಿಟ್ಟುಕೊಂಡು ಮುಂದೆ ಹೋಗುವ ಹೊಸಬರು ಜಾಸ್ತಿ ಆಗುತ್ತಾರೆ. ನನಗೆ ಅದು ದೊಡ್ಡದು.

ಒಂದು ಗಂಟು ಇನ್ನೂ ಬಿಚ್ಚಿಲ್ಲ. ಹ್ಯಾಟ್ರಿಕ್‌ನಲ್ಲೇ ಇರುವ ದೇಶಮಟ್ಟದ ಕಪ್ ಕೂಡ ನಮ್ಮ ಸ್ನೇಹಪಂದ್ಯಗಳ ಹಾಗೆ ವಾರದ ಮಧ್ಯದಲ್ಲೇ ನಡೆಯುತ್ತದೆ, ಅದರಲ್ಲಿ ಉಳಿದಿರುವ ತಂಡಕ್ಕೆ ಆ ವಾರ ನಮ್ಮ ಪಂದ್ಯ ಆಡಲಾಗದು. ಸ್ವಿಸ್‌ನಲ್ಲಿ ಬೈ ಕೊಡಬಹುದು, ಅಂದರೆ ಆ ಸುತ್ತು ಆಡದೆಯೇ ಮುಂದಿನದಕ್ಕೆ ಬಿಡುವುದು. ಅದಕ್ಕೆ ಪೂರ್ತಿ ಗೆಲುವು ಕೊಡಬೇಕೋ, ಅರ್ಧವೋ? ಪೂರ್ತಿ ಕೊಟ್ಟರೆ ಆಡದೆ ಗೆದ್ದಂತೆ, ಅರ್ಧ ಕೊಟ್ಟರೆ ನನ್ನ ಆರು ತಂಡಗಳ ಲೆಕ್ಕ ತಪ್ಪುತ್ತದೆ. ನಿಮ್ಮ ಓದುಗರಲ್ಲಿ ಚೆಸ್ ಟೂರ್ನಿಯ ಆರ್ಬಿಟರ್‌ಗಳು (ತೀರ್ಪುಗಾರರು), ಪಂದ್ಯಾಟ ನಡೆಸಿ ಪಳಗಿದವರು ಬೇಕಾದಷ್ಟು ಮಂದಿ ಇರುತ್ತಾರೆ. ಅವರು ಈ ಅಂಕಣದಲ್ಲೇ ಉತ್ತರ ಬರೆದರೆ ನಾವು ಅದನ್ನು ನೋಡಿಯೇ ನಿಯಮ ಬರೆಯುತ್ತೇವೆ.

– ಓರ್ವ ಓದುಗ, ಕದ್ರಿ, ಮಂಗಳೂರು