ಕಾರ್ತಾಹೇನಾ ವಸತಿ: ಭಾನುವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ಫೆಬ್ರುವರಿಯಲ್ಲಿ ಕೊಲಂಬಿಯಾಕ್ಕೆ ಹೊರಟಿರುವವರು ದಯವಿಟ್ಟು ಗಮನಿಸಿ.

ಕಾರ್ತಾಹೇನಾ ನಗರದ ಕೋಟೆಗೋಡೆಯೊಳಗಿನ ಹಳೆಯ ಪಟ್ಟಣದಲ್ಲಿ ಹೋಟೆಲುಗಳು ದುಬಾರಿ. ಪಕ್ಕದ ಹೆತ್ಸೆಮಾನಿ ಬಡಾವಣೆಯಲ್ಲಿ ಕಡಿಮೆ ದರದ ಕೋಣೆಗಳಿವೆ, ಹಳೆಯ ಪಟ್ಟಣಕ್ಕೆ ನಡೆದೇ ಹೋಗಬಹುದು. ಆದರೆ ಆ ಬಡಾವಣೆಯ ತ್ರಿನಿದಾದ್ ಚೌಕದ ಸುತ್ತ ರಾತ್ರಿ ಗದ್ದಲ ಹೆಚ್ಚು. ಹಿರಿಯರೂ ಬರುತ್ತಿರುವುದರಿಂದ ತುಸು ದೂರದ ಕೋಣೆಗಳನ್ನೇ ಕೇಳೋಣ. ತೀರಾ ಅಗ್ಗದವುಗಳಲ್ಲಿ ಬರೀ ಫ್ಯಾನ್ ಇರುತ್ತದೆ. ಕೆರಿಬಿಯನ್ ಕರಾವಳಿಯ ಸೆಕೆಯಲ್ಲಿ ಆ ಉಳಿತಾಯ ಬೇಡವೇ ಬೇಡ, ಎ.ಸಿ. ಇರಲಿ.

ವಿದೇಶಿ ಪ್ರವಾಸಿಗರಿಗೆ ವಸತಿಯ ಮೇಲಿನ ಶೇ 19 ತೆರಿಗೆಯಿಂದ ವಿನಾಯಿತಿ ಇದೆ. ಪಾಸ್‌ಪೋರ್ಟ್ ಮತ್ತು ಪ್ರವೇಶದ ಮುದ್ರೆ ತೋರಿಸಬೇಕು, ಕೈಚೀಲದಲ್ಲೇ ಇಟ್ಟುಕೊಳ್ಳಿ.

ಯಾರೊಂದಿಗೆ ಕೋಣೆ ಹಂಚಿಕೊಳ್ಳುತ್ತೀರಿ ಎಂಬುದನ್ನು ಭಾನುವಾರದೊಳಗೆ ಇಲ್ಲಿಯೇ ಬರೆಯಿರಿ. ಪಾಸ್‌ಪೋರ್ಟ್ ಪ್ರತಿಯನ್ನು ಮಾತ್ರ ಗುಂಪಿನಲ್ಲಿ ಹಾಕದೆ ನನಗೆ ಪ್ರತ್ಯೇಕವಾಗಿ ಕಳುಹಿಸಿ.