ಪಿಕಪ್ ವಾಹನದ ಮುಂಭಾಗದ ಸದ್ದನ್ನು ಪತ್ತೆಹಚ್ಚದೆ ಬಿಡಿಭಾಗಗಳನ್ನು ಬದಲಿಸಿ ಹಣ ಪಡೆದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನನ್ನ 2012ರ ಮಾದರಿಯ ಪಿಕಪ್ ವಾಹನದ ಮುಂಭಾಗದಿಂದ ಬರುತ್ತಿರುವ ‘ಗಡಕ್’ ಎಂಬ ಸದ್ದನ್ನು ಸರಿಪಡಿಸುವುದಾಗಿ ಮಂಡ್ಯದಲ್ಲಿರುವ ನಿಮ್ಮ ಅಧಿಕೃತ ಸರ್ವಿಸ್ ಕೇಂದ್ರದವರು ಪದೇ ಪದೇ ಹಣ ಪಡೆದಿದ್ದಾರೆ. ಆದರೆ ಆ ಸದ್ದು ಯಾವ ಭಾಗದಿಂದ ಹುಟ್ಟುತ್ತಿದೆ ಎಂಬುದನ್ನು ಈವರೆಗೂ ಯಾರೂ ಪತ್ತೆಹಚ್ಚಿಲ್ಲ. ‘ಹಳೇ ಗಾಡಿ ಅಂದಮೇಲೆ ಸದ್ದು ಇದ್ದದ್ದೇ ಬಿಡಿ’ ಎಂಬ ಉತ್ತರವನ್ನು ಕೌಂಟರಿನಲ್ಲಿ ಕೇಳಿ ಸಾಕಾಗಿರುವುದರಿಂದ ಈ ದೂರನ್ನು ಲಿಖಿತವಾಗಿ ಸಲ್ಲಿಸುತ್ತಿದ್ದೇನೆ.

ಪಾಂಡವಪುರದ ಕಡೆಯಿಂದ ಮಂಡ್ಯದ ಎಪಿಎಂಸಿಗೆ ಬೆಲ್ಲವನ್ನೂ ಮೈಸೂರಿನ ಬಂಡಿಪಾಳ್ಯಕ್ಕೆ ತರಕಾರಿಯನ್ನೂ ಸಾಗಿಸುವ ಈ ಗಾಡಿಯನ್ನು ನಾನೇ ಓಡಿಸುತ್ತೇನೆ. ಸದ್ದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು ಮೊದಲ ಜಾಬ್ ಕಾರ್ಡ್ (ದುರಸ್ತಿಯ ಚೀಟಿ) ಬರೆಸುವಾಗಲೇ ವಿವರವಾಗಿ ಹೇಳಿದ್ದೆ. ನಾಲೆ ಏರಿಯ ರಸ್ತೆಯಲ್ಲಿ ಎಡಗಡೆಯ ಚಕ್ರವೊಂದೇ ಗುಂಡಿಗೆ ಇಳಿದಾಗ ಮರದ ಸುತ್ತಿಗೆಯಿಂದ ಚಾಸಿಗೆ ಹೊಡೆದಂತೆ ಸದ್ದಾಗುತ್ತದೆ. ಎರಡೂ ಚಕ್ರಗಳು ಒಟ್ಟಿಗೆ ಹಂಪ್ ಹತ್ತಿ ಇಳಿದರೆ ಸದ್ದೇ ಇರುವುದಿಲ್ಲ. ನಿಧಾನವಾಗಿ ಹೋಗುವಾಗ ಬ್ರೇಕ್ ಒತ್ತಿದರೆ ಒಂದೇ ಒಂದು ಪೆಟ್ಟು ಕೇಳುತ್ತದೆ, ರಿವರ್ಸ್ ತೆಗೆದು ಬ್ರೇಕ್ ಒತ್ತಿದರೆ ಮತ್ತೊಂದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಏನೂ ಕೇಳುವುದಿಲ್ಲ. ಇಷ್ಟನ್ನೂ ಕೇಳಿಸಿಕೊಂಡ ಸರ್ವಿಸ್ ಅಡ್ವೈಸರ್ ಕಾರ್ಡಿನಲ್ಲಿ ಬರೆದದ್ದು ‘ಫ್ರಂಟ್ ನಾಯ್ಸ್’ ಎಂಬ ಎರಡೇ ಪದ.

ಆ ವಿವರವನ್ನು ಗಮನಕ್ಕೆ ತೆಗೆದುಕೊಂಡಿದ್ದರೆ ಮೊದಲು ಶಾಕ್ ಅಬ್ಸಾರ್ಬರ್ ಜೋಡಿಯನ್ನೇ ಬದಲಿಸುವ ಪ್ರಮೇಯ ಬರುತ್ತಿರಲಿಲ್ಲ. ಸದ್ದು ಶಾಕ್‌ನದೇ ಆಗಿದ್ದರೆ ಹಂಪ್ ಮೇಲೂ ಕೇಳಬೇಕಿತ್ತು. ಎರಡು ಚಕ್ರಗಳೂ ಸಮವಾಗಿ ಎದ್ದಾಗ, ಎಡಬಲ ಚಕ್ರಗಳ ನಡುವೆ ಅಡ್ಡಲಾಗಿರುವ ಸ್ಟೆಬಿಲೈಸರ್ ಬಾರ್ ಎಂಬ ಸರಳು ತನ್ನ ಬುಷ್‌ಗಳೊಳಗೆ (ರಬ್ಬರ್ ಮೆತ್ತೆಗಳೊಳಗೆ) ಸುಮ್ಮನೆ ತಿರುಗುತ್ತದೆ. ಒಂದೇ ಚಕ್ರ ಎದ್ದಾಗ ಅಥವಾ ಇಳಿದಾಗ ಮಾತ್ರ ಅದು ತಿರುಚಿಕೊಂಡು, ತನ್ನ ತುದಿಗಳನ್ನು ಚಕ್ರಗಳ ಕಡೆಗೆ ಜೋಡಿಸುವ ಲಿಂಕ್‌ಗಳನ್ನು ಎಳೆಯುತ್ತದೆ. ಆದ್ದರಿಂದ ಮೊದಲು ಅನುಮಾನಿಸಬೇಕಾದದ್ದು ಆ ಲಿಂಕ್ ಮತ್ತು ಅದರ ಬುಷ್‌ಗಳನ್ನು. ಎರಡು ಕಡೆಯ ಲಿಂಕ್ ಬಿಚ್ಚಿಟ್ಟು ಅದೇ ಗುಂಡಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಿದ್ದರೆ, ಒಂದು ರೂಪಾಯಿಯ ಬಿಡಿಭಾಗವನ್ನೂ ಹಾಕದೆ ಈ ಅನುಮಾನ ಬಗೆಹರಿಯುತ್ತಿತ್ತು. ಎಡಗಡೆಯ ಲಿಂಕ್‌ನ ರಬ್ಬರ್ ಸೀಳಿ, ವಾಷರ್ ಉಜ್ಜಿದ ಜಾಗದಲ್ಲಿ ಕಬ್ಬಿಣ ಕನ್ನಡಿಯಂತೆ ಹೊಳೆಯುತ್ತಿರುವುದು ಚಕ್ರದ ಪಕ್ಕ ಬಗ್ಗಿ ನೋಡಿದರೆ ಬರಿಗಣ್ಣಿಗೇ ಕಾಣುತ್ತದೆ.

ಬ್ರೇಕ್ ಒತ್ತಿದಾಗ ಬರುವ ಪೆಟ್ಟು ಬೇರೆಯದೇ ದೋಷ ಎಂಬುದು ನನ್ನ ಅಭಿಪ್ರಾಯ. ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ತೋಳು, ಅಂದರೆ ಲೋವರ್ ಆರ್ಮ್, ತನ್ನ ಬುಷ್‌ನಲ್ಲಿ ಹಿಂದಕ್ಕೂ ಮುಂದಕ್ಕೂ ಸರಿದಾಗ ಅಂಥ ಸದ್ದು ಬರುತ್ತದೆ. ಬ್ರೇಕ್ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್‌ನ ಪಿನ್ ಸವೆದಿದ್ದರೂ ಬರಬಹುದು, ಆದರೆ ಅದನ್ನು ಯಾರೂ ಬಿಚ್ಚಿ ನೋಡಿಲ್ಲ. ಹೀಗೆ ಎರಡು ದೋಷಗಳು ಒಂದೇ ಬಗೆಯ ಸದ್ದು ಮಾಡುತ್ತಿರುವಾಗ ಒಂದನ್ನು ಸರಿಪಡಿಸಿದರೂ ಗಾಡಿ ಮೊದಲಿನಂತೆಯೇ ಕೇಳಿಸುತ್ತದೆ. ನಿಮ್ಮವರು ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿ, ಆಮೇಲೆ ಲೋವರ್ ಆರ್ಮ್ ಬುಷ್ ಹಾಕಿದರು. ಆ ಬುಷ್‌ಗಳ ಬೋಲ್ಟನ್ನು ಗಾಡಿ ಲಿಫ್ಟ್ ಮೇಲಿದ್ದು ಚಕ್ರಗಳು ಜೋತಾಡುತ್ತಿರುವಾಗಲೇ ಬಿಗಿ ಮಾಡಿದ್ದನ್ನು ನಾನು ಗಾಜಿನಾಚೆಯಿಂದ ನೋಡಿದ್ದೇನೆ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದಿರುವಾಗ ಬಿಗಿ ಮಾಡಬೇಕಾದ ರಬ್ಬರ್ ಬುಷ್ ಅದು; ಜೋತಾಡುವಾಗ ಬಿಗಿದರೆ ನೆಲಕ್ಕಿಳಿದ ಕೂಡಲೇ ತಿರುಚಿಕೊಂಡು ಬೇಗನೆ ಹರಿದುಹೋಗುತ್ತದೆ.

ಆರ್ಮ್‌ಗೂ ಚಕ್ರಕ್ಕೂ ನಡುವಿನ ಕೀಲಾದ ಬಾಲ್ ಜಾಯಿಂಟ್‌ನ ಪರೀಕ್ಷೆಯೂ ಇದೇ ರೀತಿ ನಡೆಯಿತು. ಸುರುಳಿ ಸ್ಪ್ರಿಂಗಿನ ಬದಲು ತಿರುಚುವ ಸರಳು, ಅಂದರೆ ಟಾರ್ಷನ್ ಬಾರ್ ಇರುವ ಈ ಗಾಡಿಯಲ್ಲಿ ಭಾರ ಹೊರುವುದು ಲೋವರ್ ಆರ್ಮ್, ಆದುದರಿಂದ ಜಾಕ್ ಅನ್ನು ಅದೇ ಆರ್ಮ್‌ನ ಕೆಳಗೆ ಕೊಟ್ಟು ಚಕ್ರವನ್ನು ನೆಲದಿಂದ ಬಿಡಿಸಿದರೆ ಮಾತ್ರ ಕೆಳಗಿನ ಬಾಲ್ ಜಾಯಿಂಟ್‌ನ ಸಡಿಲಿಕೆ ಹೊರಬೀಳುತ್ತದೆ. ನಿಮ್ಮ ಮೆಕ್ಯಾನಿಕ್ ಚಾಸಿಗೆ ಜಾಕ್ ಕೊಟ್ಟು ಎತ್ತಿ, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಒಮ್ಮೆ ಅಲ್ಲಾಡಿಸಿ ‘ಪ್ಲೇ (ಸಡಿಲಿಕೆ) ಇಲ್ಲ ಸಾರ್’ ಎಂದರು. ಆ ಜಾಯಿಂಟ್‌ನ ರಬ್ಬರ್ ಬೂಟ್ (ಹೊದಿಕೆ) ಹರಿದು ಗ್ರೀಸ್ ಮಣ್ಣಿನೊಂದಿಗೆ ಗಟ್ಟಿಯಾಗಿ ಕೂತಿರುವುದನ್ನು ತೋರಿಸಿದಾಗಲೂ ಅದು ಜಾಬ್ ಕಾರ್ಡಿನ ಮೇಲೆ ಬರಲಿಲ್ಲ. ಟೆಸ್ಟ್ ಡ್ರೈವ್ ಎಂದು ಹೋದದ್ದು ನುಣ್ಣನೆಯ ಮೈಸೂರು ಹೆದ್ದಾರಿಗೆ. ಅಲ್ಲಿ ಈ ಸದ್ದು ಬಾರದು ಎಂದು ನಾನು ಮೊದಲೇ ಹೇಳಿದ್ದೆ.

ಇದು ಕಿವಿಗೆ ಕಿರಿಕಿರಿ ಎಂಬಷ್ಟಕ್ಕೇ ಮುಗಿಯುವ ಸಂಗತಿಯಲ್ಲ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಸ್ಟೀರಿಂಗ್ ಕೈತಪ್ಪುತ್ತದೆ, ನಾನು ದಿನವೂ ಹೋಗುವುದೋ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಪಕ್ಕದಲ್ಲಿ. 2018ರ ನವೆಂಬರಿನಲ್ಲಿ ಕನಗನಮರಡಿ ಬಳಿ ಬಸ್ಸು ಆ ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಆ ಅಪಘಾತಕ್ಕೂ ನನ್ನ ಗಾಡಿಯ ದೋಷಕ್ಕೂ ಸಂಬಂಧ ಕಲ್ಪಿಸುತ್ತಿಲ್ಲ. ಆ ರಸ್ತೆಯಲ್ಲಿ ಗಾಡಿ ಒಂದಿಷ್ಟು ಪಕ್ಕಕ್ಕೆ ಎಳೆದರೂ ಉಳಿಯಲು ಜಾಗವಿಲ್ಲ ಎಂಬುದನ್ನಷ್ಟೇ ಹೇಳುತ್ತಿದ್ದೇನೆ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕಾಗಿರುವುದರಿಂದ ಈ ಸ್ಥಿತಿಯಲ್ಲಿ ಅದೂ ತೂಗಾಡುತ್ತಿದೆ.

ಆದುದರಿಂದ ನನ್ನ ಎದುರಿನಲ್ಲೇ, ನಾನು ತೋರಿಸುವ ರಸ್ತೆಯಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ಗಾಡಿ ಓಡಿಸಿ ಸದ್ದು ಕೇಳಬೇಕು. ಆಮೇಲೆ ಒಬ್ಬರು ಗಾಡಿ ಅಲುಗಿಸುವಾಗ ಇನ್ನೊಬ್ಬರು ಒಂದೊಂದೇ ಜಾಯಿಂಟಿನ ಮೇಲೆ ಕೈಯಿಟ್ಟು ನೋಡಬೇಕು. ಸಡಿಲಿಕೆ ಬೆರಳಿಗೆ ತಿಳಿಯುತ್ತದೆ. ಕಂಡದ್ದನ್ನು ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಮಾಡಿದ ಮೇಲೆಯೇ ಯಾವುದೇ ಭಾಗವನ್ನು ಬದಲಿಸಬೇಕು. ಅಗತ್ಯವಿಲ್ಲದೆ ಹಾಕಿದ ಶಾಕ್ ಅಬ್ಸಾರ್ಬರ್ ಮತ್ತು ಟೈ ರಾಡ್ ಎಂಡ್‌ಗಳ ಬೆಲೆಯನ್ನೂ ಕೂಲಿಯನ್ನೂ ಮರಳಿಸಬೇಕು, ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿದರೂ ಕೊಡದೆ ಇಟ್ಟುಕೊಂಡದ್ದಕ್ಕೆ ಲಿಖಿತ ವಿವರಣೆ ಕೊಡಬೇಕು. ಬಿಲ್ಲುಗಳ ಹಾಗೂ ಜಾಬ್ ಕಾರ್ಡುಗಳ ಪ್ರತಿಗಳನ್ನು, ಹರಿದ ಬೂಟ್‌ನ ಫೋಟೋವನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ.

15 ದಿನಗಳೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಅದಕ್ಕೆ ಕಾಯ್ದೆಯಲ್ಲಿ 2 ವರ್ಷಗಳ ಕಾಲಾವಕಾಶವಿದೆ. ಅಷ್ಟು ಕಾಲ ಈ ಗಾಡಿಯನ್ನು ನಾಲೆ ಪಕ್ಕ ಓಡಿಸುವ ಧೈರ್ಯ ನನಗಿಲ್ಲ.

ಇತಿ,
ವಾಹನದ ಮಾಲೀಕ ಮತ್ತು ಚಾಲಕ,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ