ಹೋದವರಿಗೆ, ಬಂದವರಿಗೆ, ನಡುವೆ ಇದ್ದವರಿಗೆ

ಪ್ರೀತಿಯ ದೋಸ್ತ,

2025ರ ಏಪ್ರಿಲ್ 21ರ ಮಧ್ಯಾಹ್ನ ಗದಗಿನಿಂದ ಫೋನ್ ಮಾಡಿ, "ನಿಮ್ಮ ದೊಡ್ಡ ಅಜ್ಜಾರು ಹೋದ್ರಂತಲ್ಲೋ" ಅಂದೆ. ಪೋಪ್ ಫ್ರಾನ್ಸಿಸ್ ತೀರಿಕೊಂಡ ಸುದ್ದಿ ನನಗೆ ಮೊದಲು ಬಂದದ್ದು ನಿನ್ನಿಂದಲೇ. ನಿಮ್ಮ ಮಠದ ಸ್ವಾಮಿಗಳನ್ನು ಕರೆಯುವ ಹಾಗೇ ನಮ್ಮವರನ್ನೂ ನೀನು ಅಜ್ಜಾರು ಅಂದದ್ದು ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಆಮೇಲೆ ಕೇಳಿದೆ, "ಇನ್ನ ನಿಮ್ಮಲ್ಲಿ ಹೆಂಗ ನಡೀತದ?" ಆವತ್ತು ಸರಿಯಾಗಿ ಹೇಳೋಕೆ ಆಗಲಿಲ್ಲ. ಈಗ ಹೊಸ ಪೋಪ್ ಬಂದಿದ್ದಾರೆ. ಇತ್ತ ಹುಬ್ಬಳ್ಳಿಯಲ್ಲಿ ನಮ್ಮ ಫಾದರಿಗೂ ವರ್ಗಾವಣೆಯ ಪತ್ರ ಬಂದಿದೆ. ಎರಡೂ ಒಟ್ಟಿಗೆ ಮನಸ್ಸನ್ನು ಕಾಡುತ್ತಿವೆ. ಅದಕ್ಕೇ ಈ ಪತ್ರ.

ನಮ್ಮ ಕ್ಯಾಥೊಲಿಕ್ ಪೂಜೆಯಲ್ಲಿ ಒಂದು ಕಡೆ ಗುರುಗಳು ಪೋಪರ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಾರೆ. ಅದರ ಹಿಂದೆಯೇ ಬೆಳಗಾವಿಯ ಬಿಷಪ್ಪರ ಹೆಸರು. ದಿನಾ ನಡೆಯುತ್ತದೆ, ಪ್ರತಿ ಚರ್ಚಿನಲ್ಲೂ ನಡೆಯುತ್ತದೆ. ನಾವು ಕಿವಿಗೊಟ್ಟು ಕೇಳುವುದೂ ಇಲ್ಲ. ಪೋಪ್ ತೀರಿಕೊಂಡರೆ ಹೊಸಬರು ಬರುವ ತನಕ ಆ ಹೆಸರನ್ನು ಬಿಟ್ಟು ಮುಂದೆ ಹೋಗುತ್ತಾರೆ. ಏಪ್ರಿಲ್ ಕೊನೆಯಲ್ಲಿ ಒಂದು ಬೆಳಗಿನ ಪೂಜೆಗೆ ಹೋಗಿದ್ದೆ. ಹನ್ನೆರಡು ವರ್ಷ ಕೇಳಿದ್ದ "ಫ್ರಾನ್ಸಿಸ್" ಅನ್ನುವ ಹೆಸರು ಅಲ್ಲಿ ಇರಲಿಲ್ಲ. ಗುರುಗಳು ನೇರವಾಗಿ ಬಿಷಪ್ಪರ ಹೆಸರಿಗೆ ಹೋದರು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರು ರೋಮ್ ನೋಡಿದವರಲ್ಲ. ಹುಬ್ಬಳ್ಳಿ ಬಿಟ್ಟು ಗೋವಾ ದಾಟಿ ಹೋದವರೂ ಅಲ್ಲ. ಆದರೂ ಆ ಹೆಸರು ಅವರ ಮನೆಯದಾಗಿತ್ತು.

ಫ್ರಾನ್ಸಿಸ್ ಬಗ್ಗೆ ನಿನಗೆ ಪೇಪರಿನಲ್ಲಿ ಓದಿದ್ದು ಗೊತ್ತಿರುತ್ತದೆ. ನನಗೆ ಅವರ ಮೇಲೆ ಯಾಕೆ ಇಷ್ಟು ಋಣಭಾವ ಅಂತ ಹೇಳುತ್ತೇನೆ. 2013ರ ಮಾರ್ಚ್ 13ರಂದು ಆಯ್ಕೆಯಾಗಿ ವ್ಯಾಟಿಕನ್ನಿನ ಸಂತ ಪೀಟರ್ ಚರ್ಚಿನ ಮಾಳಿಗೆಗೆ ಬಂದಾಗ, ಜನಕ್ಕೆ ಆಶೀರ್ವಾದ ಮಾಡುವ ಮೊದಲು ಅವರು ತಲೆ ಬಾಗಿಸಿ, ನನಗಾಗಿ ನೀವು ಪ್ರಾರ್ಥಿಸಿ ಅಂತ ಕೇಳಿಕೊಂಡರು. ಅರಮನೆಯ ಕೋಣೆ ಬಿಟ್ಟು ಅತಿಥಿಗೃಹದಲ್ಲಿ ಉಳಿದರು. ಗಾಜಾದಲ್ಲಿ ಯುದ್ಧ ಶುರುವಾದ ಮೇಲೆ ಅಲ್ಲಿನ ಒಂದು ಪುಟ್ಟ ಚರ್ಚಿಗೆ ಹೆಚ್ಚುಕಡಿಮೆ ಪ್ರತಿ ರಾತ್ರಿ ಫೋನ್ ಮಾಡಿ, ಊಟ ಮಾಡಿದಿರಾ, ಹೇಗಿದ್ದೀರಿ ಅಂತ ವಿಚಾರಿಸುತ್ತಿದ್ದರು. ಆಸ್ಪತ್ರೆಯ ಹಾಸಿಗೆಯಿಂದಲೂ ಮಾಡಿದರು. 2025ರ ಫೆಬ್ರವರಿ, ಮಾರ್ಚಿನಲ್ಲಿ 38 ದಿನ ಆಸ್ಪತ್ರೆಯಲ್ಲಿದ್ದು ಬಂದವರು ಅವರು. ಈಸ್ಟರ್ ದಿನ ಉಸಿರು ಸಾಲದ ದನಿಯಲ್ಲಿ ಜನರನ್ನು ಹರಸಿದರು. ಗಾಡಿಯಲ್ಲಿ ಜನರ ನಡುವೆ ಒಂದು ಸುತ್ತು ಹೋಗಿಬಂದರು. ಮರುದಿನ ಬೆಳಗ್ಗೆ ಹೋಗಿಬಿಟ್ಟರು. ವಯಸ್ಸು 88. ಸಮಾಧಿಯ ಮೇಲೆ ಲ್ಯಾಟಿನ್ನಿನಲ್ಲಿ ತಮ್ಮ ಹೆಸರೊಂದೇ ಇರಲಿ, ಬೇರೆ ಅಲಂಕಾರ ಬೇಡ ಅಂತ 2022ರಲ್ಲೇ ಬರೆದಿಟ್ಟಿದ್ದರು. ಹಾಗೆಯೇ ಮಾಡಿದ್ದಾರೆ.

ಕೊನೆಯ ದಿನದವರೆಗೆ ಜನರ ನಡುವೆ ಇರಬೇಕು ಅಂದುಕೊಂಡವರು ಅವರು. ಅವರಿಗಿಂತ ಮೊದಲಿದ್ದ ಬೆನೆಡಿಕ್ಟ್ 2013ರ ಫೆಬ್ರವರಿಯಲ್ಲಿ, ಇನ್ನು ನನ್ನ ಶಕ್ತಿ ಸಾಲದು ಅಂತ ಹೇಳಿ ತಾವೇ ಇಳಿದರು. ಆಮೇಲೆ ಸುಮಾರು ಹತ್ತು ವರ್ಷ ಬದುಕಿದ್ದು ಪ್ರಾರ್ಥನೆ, ಓದಿನಲ್ಲಿ ಕಳೆದರು. ಒಬ್ಬರು ಕೊನೆಯುಸಿರಿನ ತನಕ ಹೊತ್ತರು, ಇನ್ನೊಬ್ಬರು ಹೊರಲಾಗದ ದಿನ ಇಳಿಸಿಟ್ಟರು. ನನಗೆ ಇಬ್ಬರ ಮೇಲೂ ಒಂದೇ ಗೌರವ. ಆ ಪೀಠ ತಮ್ಮ ಸ್ವಂತದ್ದಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ನೀನು ಕೇಳಿದ್ದು ನಡುವಿನ ದಿನಗಳ ಬಗ್ಗೆ ಅಲ್ವಾ? ಪೀಠ ಖಾಲಿ ಇದ್ದಾಗ ಹೊಸದೇನನ್ನೂ ಮಾಡಬಾರದು ಅನ್ನುವುದು ಚರ್ಚಿನ ಹಳೇ ನಿಯಮ. ಕಾರ್ಡಿನಲ್‌ಗಳು ಅಂದರೆ ಪೋಪರ ಕೆಳಗಿನ ಹಿರಿಯ ಗುರುಗಳು. ಅವರಲ್ಲಿ ಕೆವಿನ್ ಫಾರೆಲ್ ಅನ್ನುವವರು ಸಾವಿನ ಸುದ್ದಿ ಹೇಳಿದರು. ಪೋಪರ ಕೋಣೆಗೆ ಮೊಹರು ಹಾಕಿಸಿದರು. ದಿನದ ಕೆಲಸ ಕೆಡದಂತೆ ನೋಡಿಕೊಂಡರು. ಮೇ 7ರಂದು 133 ಕಾರ್ಡಿನಲ್‌ಗಳು ಹೊಸ ಪೋಪರನ್ನು ಆರಿಸಲು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎಂಬತ್ತು ತುಂಬದವರಿಗೆ ಮಾತ್ರ ಓಟು. ನಮ್ಮ ದೇಶದವರು ನಾಲ್ವರಿದ್ದರು, ಗೋವಾದ ಆರ್ಚ್‌ಬಿಷಪ್ಪರೂ ಹೈದರಾಬಾದಿನ ಪೂಲಾ ಆಂಟನಿಯವರೂ ಅದರಲ್ಲಿ. ಪೂಲಾ ಅವರು ದಲಿತ ಸಮುದಾಯದಿಂದ ಬಂದ ಮೊದಲ ಕಾರ್ಡಿನಲ್. ಇಷ್ಟೆಲ್ಲ ದೊಡ್ಡ ಹೆಸರುಗಳು. ಆದರೆ ಆ ದಿನಗಳಲ್ಲಿ ನಾನು ಜಾಸ್ತಿ ನೆನೆದದ್ದು ಹೆಸರು ಬರದವರನ್ನು. ಅವರಿಗೆ ಅಡುಗೆ ಮಾಡಿದವರು, ವೈದ್ಯರು, ಬಸ್ ಓಡಿಸಿದವರು, ಕಸ ಗುಡಿಸಿದವರು. ಅವರೂ ಗುಟ್ಟು ಕಾಯುತ್ತೇವೆ ಅಂತ ಪ್ರಮಾಣ ಮಾಡಬೇಕು. ಒಂದು ಮಾತೂ ಹೊರಗೆ ಬರದ ಹಾಗೆ ನೋಡಿಕೊಂಡವರಿಗೆ ಯಾರು ಶಾಲು ಹೊದಿಸುತ್ತಾರೆ?

ಮೇ 8ರ ರಾತ್ರಿ ನೆನಪಿದೆಯಾ? ಟಿವಿ ತುಂಬ ಗಡಿಯ ಸುದ್ದಿ. ಪಹಲ್ಗಾಮಿನ ಸಾವುಗಳ ನೋವು ಇನ್ನೂ ಹಸಿಯಾಗಿತ್ತು. ಜಮ್ಮುವಿನಲ್ಲಿ ದೀಪ ಆರಿಸಿದ್ದಾರೆ, ಡ್ರೋನ್ ಬರುತ್ತಿವೆ ಅಂತ ಆ್ಯಂಕರುಗಳು ಕೂಗುತ್ತಿದ್ದರು. ನಮ್ಮ ಕಡೆ ಒಂಬತ್ತೂವರೆ ದಾಟಿತ್ತು, ಮಗಳು ಮೊಬೈಲ್ ಹಿಡಿದುಕೊಂಡು ಓಡಿಬಂದಳು, ಬಿಳಿ ಹೊಗೆ ಬಂತು ಅಂತ. ಹೊಸ ಪೋಪ್ ಆಯ್ಕೆಯಾದರು ಅನ್ನುವ ಗುರುತು ಅದು. ಒಂದು ಕಡೆ ಟಿವಿಯಲ್ಲಿ ಯುದ್ಧ, ಇನ್ನೊಂದು ಕಡೆ ಮೊಬೈಲಿನಲ್ಲಿ ಆ ಮಾಳಿಗೆ. ರಾಬರ್ಟ್ ಪ್ರಿವೋಸ್ಟ್, ಹದಿನಾಲ್ಕನೇ ಲಿಯೋ ಎಂಬ ಹೆಸರಿನಿಂದ ಹೊರಗೆ ಬಂದರು. ಅವರ ಮೊದಲ ಮಾತೇ ಶಾಂತಿಯದು, ನಿಮ್ಮೆಲ್ಲರಿಗೂ ಶಾಂತಿ ಇರಲಿ ಅಂತ. ನಾನು ಟಿವಿಯ ದನಿ ಕಡಿಮೆ ಮಾಡಿದೆ.

ಅವರು ಮಾಡಿದ ಇನ್ನೊಂದು ಕೆಲಸ ನನಗೆ ತುಂಬ ಹಿಡಿಸಿತು. ತಮ್ಮ ಬಗ್ಗೆ ಹೇಳಿಕೊಳ್ಳುವ ಮೊದಲು ಫ್ರಾನ್ಸಿಸ್ ಅವರನ್ನು ನೆನೆದರು. ಅವರ ಸೋತರೂ ಧೈರ್ಯ ಬಿಡದ ದನಿ ಇನ್ನೂ ಕಿವಿಯಲ್ಲಿದೆ ಅನ್ನುವ ಅರ್ಥದ ಮಾತಾಡಿ, ಧನ್ಯವಾದ ಹೇಳಿದರು. ಆಮೇಲೆ ಮಧ್ಯದಲ್ಲಿ ಸ್ಪ್ಯಾನಿಷ್‌ಗೆ ಹೊರಳಿ, ತಾವು ಬಿಷಪ್ ಆಗಿದ್ದ ಪೆರುವಿನ ಚಿಕ್ಲಾಯೊ ಊರಿನ ಜನರಿಗೂ ವಂದನೆ ಹೇಳಿದರು. ಅಷ್ಟು ಎತ್ತರದಲ್ಲಿ ನಿಂತು, ಹಿಂದಿನ ಕೆಲಸದ ಊರನ್ನು ಯಾರು ನೆನೆಯುತ್ತಾರೆ ಹೇಳು! ಮೂರು ದಿನದ ನಂತರ ಭಾನುವಾರದ ಪ್ರಾರ್ಥನೆಯಲ್ಲಿ ಭಾರತ, ಪಾಕಿಸ್ತಾನದ ಕದನ ವಿರಾಮವನ್ನು ಅವರು ಸ್ವಾಗತಿಸಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಹಗುರಾದೆವು.

ಇದನ್ನೆಲ್ಲ ಬರೆಯುವಾಗ ನನಗೆ 2018ರ ಅಕ್ಟೋಬರ್ ನೆನಪಾಗುತ್ತಲೇ ಇದೆ. ತೋಂಟದಾರ್ಯ ಮಠದ ಸಿದ್ಧಲಿಂಗ ಅಜ್ಜಾರು ಲಿಂಗೈಕ್ಯರಾದಾಗ ನಾನು ಗದಗಿಗೆ ಬಂದಿದ್ದೆ. 1974ರಿಂದ ಪೀಠದಲ್ಲಿದ್ದವರು. ನಿಮ್ಮಪ್ಪ ಹೊರಗೆ ಕಟ್ಟೆಯ ಮೇಲೆ ಕೂತು, ಯಾರ ಜೊತೆಯೂ ಮಾತಾಡದೆ ಇದ್ದರು. ಅವರು ಓದಿದ ಪುಸ್ತಕಗಳಲ್ಲಿ ಅರ್ಧ ಮಠ ಅಚ್ಚು ಹಾಕಿಸಿದ್ದು ಅಂತ ನೀನೇ ಹೇಳಿದ್ದೆ. ಹಳ್ಳಿಗುಡಿಯ ರೈತರ ಭೂಮಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ ಅನ್ನುವಾಗ ಅಜ್ಜಾರು ಬೀದಿಗಿಳಿದರು, 2011ರಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಅಂಥವರ ಜಾಗಕ್ಕೆ ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದಿಂದ ಸಿದ್ಧರಾಮ ಅಜ್ಜಾರು ಬಂದರು. ಅದು ಎಷ್ಟು ಕಷ್ಟದ ಕೆಲಸ ಅಂತ ನಾವು ಆಗ ಮಾತಾಡಿಕೊಂಡಿದ್ದೆವು. ಬಂದವರಿಗೆ ಮಠದ ಭಾರದ ಜೊತೆ, ಜನರ ದುಃಖದ ಭಾರವೂ ಇರುತ್ತದೆ. ಯಾವ ಮಾತು ಆಡಿದರೂ "ಹಳೇ ಅಜ್ಜಾರಿದ್ದಾಗ" ಅನ್ನುವವರು ಇರುತ್ತಾರೆ. ಅದನ್ನು ಸಹಿಸಿ ಶಿವಾನುಭವವನ್ನೂ ದಾಸೋಹವನ್ನೂ ನಿಲ್ಲದಂತೆ ನಡೆಸಿಕೊಂಡು ಹೋಗುವವರಿಗೆ ನಾವು ಕೈಮುಗಿಯಲೇಬೇಕು. ಎರಡು ವರ್ಷದ ಮೇಲೆ ನಿಮ್ಮಪ್ಪನೇ ನನಗೆ ಫೋನ್ ಮಾಡಿ, "ಹೊಸ ಅಜ್ಜಾರು ಭಾಳ ಚಲೋ ಮಾತಾಡಿದ್ರು ಇವತ್ತ" ಅಂದಾಗ ನನಗೆ ಎಷ್ಟು ಖುಷಿಯಾಯಿತು ಗೊತ್ತಾ.

ನಮ್ಮ ಬೆಳಗಾವಿ ಧರ್ಮಕ್ಷೇತ್ರಕ್ಕೂ, ಅಂದರೆ ನಮ್ಮ ಬಿಷಪ್ಪರ ಆಡಳಿತದ ಸೀಮೆಗೂ, ಇದು ಹೊಸದಲ್ಲ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲ ಅದರೊಳಗೇ ಬರುತ್ತವೆ. ಬರ್ನಾರ್ಡ್ ಮೊರಾಸ್ 2004ರಲ್ಲಿ ಇಲ್ಲಿಂದ ಬೆಂಗಳೂರಿಗೆ ಆರ್ಚ್‌ಬಿಷಪ್ ಆಗಿ ಹೋದರು. ಅವರ ನಂತರ ಬಂದ ಪೀಟರ್ ಮಚಾದೊ ಅವರನ್ನೂ 2018ರಲ್ಲಿ ಬೆಂಗಳೂರೇ ಕರೆದುಕೊಂಡಿತು. ಮರುವರ್ಷ ಕಾರವಾರದಿಂದ ಡೆರಿಕ್ ಫರ್ನಾಂಡಿಸ್ ಬಂದರು. ಪ್ರತಿ ಸಲವೂ ನಮ್ಮ ಜನ ಬೇಜಾರು ಮಾಡಿಕೊಂಡರು, ಪ್ರತಿ ಸಲವೂ ಹೊಸಬರನ್ನು ಹಚ್ಚಿಕೊಂಡರು.

ಪ್ರಾಟೆಸ್ಟೆಂಟರ ಬಾಸೆಲ್ ಮಿಷನ್ನವರ ಕಥೆ ಇನ್ನೂ ಗಟ್ಟಿ. ಅವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, ಆಮೇಲೆ ನಿಮ್ಮ ಬೆಟಗೇರಿಗೆ ಬಂದವರು. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷರಿಗೆ ಜರ್ಮನ್ ಪಾದ್ರಿಗಳೆಲ್ಲ ಶತ್ರು ದೇಶದವರಾದರು. ಹಿಡಿದು ಕೂಡಿಹಾಕಿದರು, ಆಮೇಲೆ ದೇಶದಿಂದಲೇ ಕಳಿಸಿದರು. ಬೀಳ್ಕೊಡುಗೆ ಇಲ್ಲ, ಅಧಿಕಾರ ಒಪ್ಪಿಸುವ ಪೂಜೆ ಇಲ್ಲ. ಊರಿನ ಉಪದೇಶಕರು, ಶಾಲೆಯ ಮಾಸ್ತರರು ತಮ್ಮ ಹೆಗಲು ಕೊಟ್ಟರು. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ನಮ್ಮಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದಾಗ ಅವರ ಜೊತೆಗಿದ್ದ ಪ್ರಾಟೆಸ್ಟೆಂಟ್ ಕಾಕಾ ಒಬ್ಬರು ತಮ್ಮ ಅಜ್ಜ ಅಂಥ ಉಪದೇಶಕರಾಗಿದ್ದರು ಅಂತ ಎದೆಯುಬ್ಬಿಸಿ ಹೇಳುತ್ತಿದ್ದರು.

ಈಗ ನಮ್ಮ ಫಾದರ್ ಮಾತಿಗೆ ಬರುತ್ತೇನೆ. ನಿನಗೆ ಅವರ ಪರಿಚಯ ಇದೆ. ನಮ್ಮ ಗುರುಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಮೇ ಬಂತೆಂದರೆ ಎಲ್ಲರಿಗೂ ಆ ಪಟ್ಟಿಯದೇ ಚಿಂತೆ. ಪತ್ರ ಬಂದರೆ ಹೊರಡಬೇಕು ಅಷ್ಟೇ. ಮನೆ ಇಲ್ಲ, ಹೊಲ ಇಲ್ಲ, ಜೊತೆಗೆ ಬರುವವರೂ ಇಲ್ಲ.

ಅವ್ವ ಹಾಸಿಗೆ ಹಿಡಿದಾಗ ಅವರು ತಿಂಗಳ ಮೊದಲ ಶುಕ್ರವಾರ ತಪ್ಪದೆ ಪರಮಪ್ರಸಾದ ತೆಗೆದುಕೊಂಡು ಮನೆಗೆ ಬರುತ್ತಿದ್ದರು. ಪ್ರಾರ್ಥನೆ ಮುಗಿಸಿ ಎದ್ದು ಹೋಗುತ್ತಿರಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, "ಅವ್ವಾರ, ಈ ಸಲ ನಿಮ್ಮ ತವರಿನ ಕಡೆ ಜೋಳ ಹೆಂಗೈತಿ?" ಅಂತ ಕೇಳುತ್ತಿದ್ದರು. ಅವ್ವ ಮಾತು ಬಿಟ್ಟಿದ್ದವಳು, ಜೋಳದ ಮಾತು ಬಂದರೆ ಬಾಯಿ ತೆಗೆಯುತ್ತಿದ್ದಳು. 2021ರ ಆ ಕೆಟ್ಟ ಕೊರೊನಾ ಬೇಸಿಗೆಯಲ್ಲಿ ಅವಳು ಕಿಮ್ಸ್‌ನಲ್ಲಿ ತೀರಿಕೊಂಡಾಗ ಹೊರುವುದಕ್ಕೆ ಜನ ಇರಲಿಲ್ಲ. ಅಣ್ಣನಿಗೂ ಜ್ವರ. ಫಾದರ್ ಆ ನೀಲಿ ಬಟ್ಟೆ ತೊಟ್ಟುಕೊಂಡು ಸಮಾಧಿಯ ಹತ್ತಿರ ಬಂದರು. ಬಿಸಿಲಿನಲ್ಲಿ ಬೆವರು ಸುರಿಯುತ್ತಿತ್ತು. ಒಂದೂ ಪ್ರಾರ್ಥನೆ ಬಿಡದೆ, ಅವಸರ ಮಾಡದೆ, ಪೂರ್ತಿ ಹೇಳಿದರು. ಅವ್ವನಿಗೆ ಸಿಗಬೇಕಾದ ಮರ್ಯಾದೆ ಒಂದು ಚೂರೂ ಕಡಿಮೆಯಾಗಲಿಲ್ಲ. ಆ ವಾರ ಅವರು ಹಾಗೆ ಎಷ್ಟು ಮನೆಯವರ ಜೊತೆ ನಿಂತರೋ.

ಇಂಥವರಿಗೆ ನಾವು ಏನು ಕೊಡುತ್ತೇವೆ? ಫ್ಲೆಕ್ಸು, ಶಾಲು, ಹಣ್ಣಿನ ಬುಟ್ಟಿ, ಮೈಕಿನಲ್ಲಿ ಒಂದು ತಾಸು ಹೊಗಳಿಕೆ. ನನಗೆ ಅದು ಸಾಲದು ಅನ್ನಿಸುತ್ತದೆ. ಹೊಗಳಿಕೆಯಲ್ಲಿ ಎಲ್ಲ ಗುರುಗಳೂ ಒಂದೇ ಥರ ಕೇಳಿಸುತ್ತಾರೆ. ನೀವು ಈ ದಿನ, ಈ ಮನೆಗೆ ಬಂದು, ಇದನ್ನು ಮಾಡಿದಿರಿ ಅಂತ ಬಿಡಿಸಿ ಹೇಳಿದರೆ ಮಾತ್ರ ಅವರಿಗೂ ತಮ್ಮ ಕೆಲಸ ಎಲ್ಲಿ ಮುಟ್ಟಿತು ಅಂತ ಗೊತ್ತಾಗುತ್ತದೆ. ಧರ್ಮದ ಹೆಸರಿನಲ್ಲಿ ತಪ್ಪು ಮಾಡಿದವರೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಅದನ್ನು ಮುಚ್ಚಿಡಬೇಕಿಲ್ಲ, ಕೇಳಬೇಕಾದ ಪ್ರಶ್ನೆ ಕೇಳಲೇಬೇಕು. ಆದರೆ ತಪ್ಪಿನ ಲೆಕ್ಕ ಇಡುವಷ್ಟೇ ಶ್ರದ್ಧೆಯಿಂದ ಉಪಕಾರದ ಲೆಕ್ಕವನ್ನೂ ಇಡಬೇಕಲ್ವಾ?

1986ರಲ್ಲಿ ಎರಡನೇ ಜಾನ್ ಪಾಲ್ ಗೋವಾಕ್ಕೆ ಬಂದಾಗ ಅಪ್ಪ ರೈಲ್ವೆ ಪಾಸಿನಲ್ಲಿ ಹೋಗಿದ್ದರು. ದೂರದಿಂದ ಬಿಳಿ ಬಟ್ಟೆಯಷ್ಟೇ ಕಂಡಿತಂತೆ. ಆದರೂ ಅದನ್ನು ಸಾಯುವ ತನಕ ಹೇಳುತ್ತಿದ್ದರು. ಅದೇ ಅಪ್ಪ, ತನಗೆ ಓದು ಬರೆಹ ಕಲಿಸಿದ ನಮ್ಮೂರಿನ ಉಪದೇಶಕರಿಗೆ ಒಂದು ಮಾತೂ ಹೇಳಲಿಲ್ಲ ಅಂತ ಕೊನೆಗಾಲದಲ್ಲಿ ಕೊರಗುತ್ತಿದ್ದರು. ಆ ಕೊರಗು ನಮಗೆ ಬೇಡ.

ಹೊಸ ಫಾದರ್ ಹಾವೇರಿ ಕಡೆಯಿಂದ ಬರುತ್ತಿದ್ದಾರೆ. ವಯಸ್ಸು ಚಿಕ್ಕದು. ಮೊದಲ ದಿನವೇ ಅವರ ಮುಂದೆ ಹಳೇ ಫಾದರಿನ ಮಾತು ತೆಗೆಯಬಾರದು ಅಂತ ನಮ್ಮ ಯುವಕರಿಗೆ ಹೇಳಿದ್ದೇನೆ. ಅಡುಗೆಯವರಿಗೆ ಎರಡು ದಿನ ರಜೆ ಕೊಟ್ಟು, ಮನೆಮನೆಯಿಂದ ಊಟ ಕಳಿಸುವ ವ್ಯವಸ್ಥೆ ಆಗಿದೆ. ಅವರೂ ಯಾವುದೋ ಊರಿನ ಜನರನ್ನು ಅಳಿಸಿಯೇ ಬರುತ್ತಿರುತ್ತಾರೆ.

ನಿನ್ನಿಂದ ಒಂದು ಕೆಲಸ ಆಗಬೇಕು. ಬೀಳ್ಕೊಡುವ ದಿನ ಫಾದರಿಗೆ ಒಂದು ವಹಿ ಕೊಡುತ್ತಿದ್ದೇವೆ. ಒಬ್ಬೊಬ್ಬರು ಒಂದು ಪುಟ ಬರೆಯಬೇಕು, ಅವರು ಮಾಡಿದ ಒಂದು ಉಪಕಾರ ಮಾತ್ರ. ನಿನ್ನ ಮಗಳ ಪಿಯುಸಿ ಸೀಟಿಗಾಗಿ ಅವರು ನಿನ್ನ ಜೊತೆ ಧಾರವಾಡಕ್ಕೆ ಬಂದು ಇಡೀ ದಿನ ಬಿಸಿಲಿನಲ್ಲಿ ಓಡಾಡಿದ್ದು ನೀನೇ ಬರೆಯಬೇಕು, ಬೇರೆ ಯಾರಿಗೂ ಅದು ಗೊತ್ತಿಲ್ಲ. ಮಗಳ ಕೈಯಲ್ಲೂ ನಾಲ್ಕು ಸಾಲು ಬರೆಸು. ಶುಕ್ರವಾರದೊಳಗೆ ಗದಗ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿಗೆ ಬರುವ ಯಾರ ಕೈಯಲ್ಲಾದರೂ ಕೊಟ್ಟು ನನಗೆ ಫೋನ್ ಮಾಡು, ನಾನು ಹೋಗಿ ಇಸಿದುಕೊಳ್ಳುತ್ತೇನೆ. ಭಾನುವಾರ ನೀನೇ ಬಂದರೆ ಇನ್ನೂ ಚಲೋ. ಪೂಜೆ ಎಂಟಕ್ಕೆ, ಆಮೇಲೆ ಊಟ ನಮ್ಮ ಮನೆಯಲ್ಲೇ. ಅಪ್ಪನಿಗೆ ನನ್ನ ಶರಣು ಹೇಳು.

ನಿನ್ನ ದೋಸ್ತ,
ಹುಬ್ಬಳ್ಳಿ